ನೂರಕ್ಕೆ ಮೂರು

2059ರ ಒಂದು ಬೆಳಗ್ಗೆ, ದಾವಣಗೆರೆಯ ಒಂದು ರಕ್ತನಿಧಿಯಲ್ಲಿ, ವಿಜ್ಞಾನಿ ಡಾ. ಮಹಜಬೀನ್ ಸವಣೂರು ತಾವು ಕಂಡುಹಿಡಿದ ದುಡಿಮೆಮಾಪಕವನ್ನು ಮೇಜಿನ ಕಂಪ್ಯೂಟರಿಗೆ ಸಿಕ್ಕಿಸಿದರು. ಬೆಂಕಿಪೊಟ್ಟಣದಷ್ಟಿದ್ದ ಅದರ ಮೇಲೆ ಅಂಕಿ ಮೂಡಿತು: ಮೂರು.

"ಜ್ವರ ಏನಾದ್ರೂ ಬಂದೈತಾ ಮೇಡಂ ಇದಕ್ಕೆ?" ಎಂದಳು ತಂತ್ರಜ್ಞೆ ವಿಮಲಾಕ್ಷಿ.

"ಇದು ನೂರು ಕೆಲಸ ಮಾಡಿದ್ರೆ ನಿಮಗೋಸ್ಕರ ಮಾಡೋದು ಮೂರೇ. ಮಿಕ್ಕಿದ್ದೆಲ್ಲ ಜಾಹೀರಾತು ತರೋದು, ಕಂಪನಿಗೆ ನಿಮ್ಮ ಚಾಡಿ ಹೇಳೋದು, ತನ್ನನ್ನ ತಾನು ಸಿಂಗರಿಸ್ಕೊಳ್ಳೋದು."

ಯಂತ್ರಕ್ಕೂ ಮನುಷ್ಯನಿಗೂ ನಡುವೆ ನಿಂತು, ಹೇಳಿದ್ದನ್ನು ಮಾಡಿಸಬೇಕಾದ ತಂತ್ರಾಂಶವೇ ಕಾರ್ಯಾಚರಣ ವ್ಯವಸ್ಥೆ. ಅದು ಆವೃತ್ತಿಯಿಂದ ಆವೃತ್ತಿಗೆ ಮೈ ಬೆಳೆಸಿಕೊಂಡಿತೇ ಹೊರತು ಕೆಲಸ ಕಲಿಯಲಿಲ್ಲ. ಎದ್ದು ಕೂರುವುದಕ್ಕೇ ಇಪ್ಪತ್ತು ನಿಮಿಷ! ಗುಂಡಿ ಒತ್ತಿ ಚಹಾಕ್ಕೆ ಹೋಗುವ ರೂಢಿ 'ಆರಂಭದ ಚಹಾ' ಎಂಬ ಹೆಸರಿನಲ್ಲಿ ಸೇವಾ ನಿಯಮದೊಳಗೂ ಸೇರಿತ್ತು. ವಿಮಲಾಕ್ಷಿ ಅದನ್ನು ಸೌಲಭ್ಯವೆಂದೇ ನಂಬಿದ್ದಳು.

ಅಷ್ಟರಲ್ಲಿ ಹೆರಿಗೆ ಆಸ್ಪತ್ರೆಯಿಂದ ಕರೆ ಬಂತು. ಬಾಣಂತಿಗೆ ರಕ್ತಸ್ರಾವ ನಿಲ್ಲುತ್ತಿಲ್ಲ, ಬಾಂಬೆ ಗುಂಪಿನ ರಕ್ತ ಬೇಕು. ಲಕ್ಷಕ್ಕೆ ಹತ್ತಾರು ಜನರಲ್ಲಷ್ಟೇ ಸಿಗುವ ಗುಂಪು ಅದು. ವಿಮಲಾಕ್ಷಿ ದಾನಿಗಳ ಪಟ್ಟಿ ತೆರೆಯಹೊರಟಳು. ಪರದೆ ನೀಲಿಯಾಯಿತು: 'ನಿಮಗಾಗಿ ಹೊಸ ಅನುಭವ ಸಿದ್ಧವಾಗುತ್ತಿದೆ. ದಯವಿಟ್ಟು ಕಾಯಿರಿ.'

"ನಿನ್ನ ಅನುಭವಕ್ಕಿಷ್ಟು ಬೆಂಕಿ ಹಾಕ! ನನಗೆ ದಾನಿ ಹೆಸರು ಬೇಕು!" ಅವಳು ಮೇಜು ಗುದ್ದಿದಳು. ಒಬ್ಬ ತಾಯಿ ಸಾಯುತ್ತಿರುವಾಗ ಈ ದರಿದ್ರ ಯಂತ್ರ ಬಣ್ಣ ಬಳಿದುಕೊಳ್ಳುತ್ತಿದೆ ಎಂದು ಅವಳ ಮೈಯೆಲ್ಲ ಉರಿಯಿತು.

ತಟ್ಟನೆ ಕೊಟ್ರಮ್ಮ ನೆನಪಾದರು. ಇದೇ ರಕ್ತನಿಧಿಯಿಂದ ನಿವೃತ್ತರಾದ ಗುಮಾಸ್ತೆ, ವಯಸ್ಸು ಎಪ್ಪತ್ತೆರಡು. 2026ರ ಕಂಪ್ಯೂಟರೊಂದನ್ನು ಗುಜರಿಗೆ ಕೊಡಲೊಪ್ಪದೆ ಉಗ್ರಾಣದಲ್ಲಿಟ್ಟು, ಅಪರೂಪದ ಗುಂಪಿನ ದಾನಿಗಳ ಹೆಸರನ್ನು ತಿಂಗಳಿಗೊಮ್ಮೆ ಬಂದು ಅದರಲ್ಲಿಯೂ ಬರೆದಿಡುತ್ತಿದ್ದರು. ಅವರನ್ನು ಗೇಲಿ ಮಾಡದವರಿರಲಿಲ್ಲ, ವಿಮಲಾಕ್ಷಿಯೂ ಸೇರಿ. ಈಗ ಅವಳೇ ಫೋನು ಮಾಡಿ ಗೋಗರೆದಳು. ಪಕ್ಕದ ಬೀದಿಯಿಂದ ಕೊಟ್ರಮ್ಮ ಏದುಸಿರು ಬಿಡುತ್ತ ಬಂದರು.

ಹಳೆಯ ಯಂತ್ರ ಎರಡು ನಿಮಿಷದಲ್ಲಿ ಎದ್ದಿತು. ಬೇಕರಿಯ ಫಕೀರೇಶನ ಹೆಸರು ಸಿಕ್ಕಿತು. ಅವನು ಹಿಟ್ಟಿನ ಕೈಯಲ್ಲೇ ಓಡಿ ಬಂದ. ಪರೀಕ್ಷೆ ಮುಗಿಸಿ ರಕ್ತ ಕಳಿಸಿದರು. ಮಧ್ಯಾಹ್ನದ ಹೊತ್ತಿಗೆ ಬಾಣಂತಿ ಬದುಕಿದಳೆಂಬ ಸುದ್ದಿ ಬಂತು. ಮೇಜಿನ ಕಂಪ್ಯೂಟರ್ ಆಗಷ್ಟೇ 'ಸ್ವಾಗತ' ಎಂದಿತು.

ಮಹಜಬೀನ್ ಮಾಪಕವನ್ನು ಹಳೆಯ ಯಂತ್ರಕ್ಕೆ ಸಿಕ್ಕಿಸಿದರು. ನಲವತ್ತೊಂದು.

"ಇಪ್ಪತ್ತಾರರಲ್ಲೇ ಅರ್ಧಕ್ಕಿಂತ ಹೆಚ್ಚು ಕೆಲಸ ಕೈಬಿಟ್ಟು ಹೋಗಿತ್ತಲ್ಲ ಅಮ್ಮ! ನಿಮಗ್ಯಾರಿಗೂ ಗೊತ್ತಾಗಲಿಲ್ವಾ?"

"ಗೊತ್ತಾಗ್ದೆ ಏನವ್ವ? ದಿನಾ ಬೈತಿದ್ವಿ."

"ಬೈದು, ಏನು ಮಾಡಿದ್ರಿ?" ಎಂದು ವಿಮಲಾಕ್ಷಿ ಸಿಟ್ಟಿನಿಂದಲೇ ಕೇಳಿದಳು.

ಕೊಟ್ರಮ್ಮ ಅವಳ ಮುಖ ನೋಡದೆ ಯಂತ್ರದ ಮೇಲಿನ ಧೂಳು ಒರೆಸಿದರು.

"ಗುಂಡಿ ಒತ್ತಿ, ಚಾ ಕುಡಿಯಾಕೆ ಹೋಗ್ತಿದ್ವಿ."