ಲಾರಿಗೆ ಹೊದಿಸಿದ ಕೌದಿ

ಒಂದು ತಾಸು ಪಾಳಿ ಹಚ್ಚಿ ತುಂಬಿಸಿದ ಕೊಡದ ನೀರು ಕಣ್ಣೆದುರೇ ಲಾರಿಯ ಹೊಟ್ಟೆ ಸೇರಿತು!

ಕಾಶೆವ್ವ ಕೊಡವನ್ನು ಕೆಳಗಿಟ್ಟು ಸಿಂಬಿ ಸರಿಮಾಡಿಕೊಳ್ಳುವಷ್ಟರಲ್ಲಿ ಆ ಡ್ರೈವರ್ ಬಂದಿದ್ದ. ಕೊಡ ಎತ್ತಿದ್ದ. ಹಬೆಯಾಡುತ್ತಿದ್ದ ರೇಡಿಯೇಟರಿಗೆ ಸುರಿದೂ ಬಿಟ್ಟಿದ್ದ. ಜೋಯಿಡಾ ಕಾಡಿನಿಂದ ಬಿದಿರು ಹೇರಿಕೊಂಡು ದಾಂಡೇಲಿಯ ಪೇಪರ್ ಮಿಲ್ಲಿಗೆ ಹೊರಟಿದ್ದ ಲಾರಿ, ಅಂಬೇವಾಡಿಯ ಏರಿನಲ್ಲಿ ಬುಸುಗುಡುತ್ತ ನಿಂತಿತ್ತು. ೧೯೬೨ರ ಬೇಸಿಗೆ ಅದು.

"ಕೇಳಿ ತಗೋಬಾರದೇನ್ರಿ?" ಅವಳು ಸಿಟ್ಟಿನಿಂದ ಕೂಗಿದಳು.

"ಕೇಳಿದ್ರ ನೀವ ಕೊಡ್ತಿದ್ದಿಲ್ಲ," ಎಂದ ಅವನು, ಹಣೆಯ ಬೆವರು ಒರೆಸಿಕೊಳ್ಳುತ್ತ.

ಎಂಥ ಮಾತು! ಆದರೆ ಅಷ್ಟಕ್ಕೇ ಬಿಟ್ಟು ಓಡುವ ಗಂಡಸಲ್ಲ ಅವನು. ಖಾಲಿ ಕೊಡ ಹೊತ್ತು ನಳದ ಮುಂದೆ ಹೆಂಗಸರ ಪಾಳಿಯಲ್ಲಿ ನಿಂತುಬಿಟ್ಟ. ಮುಂದಿದ್ದವರು ನಕ್ಕರು, ಹಿಂದಿದ್ದವರು ಚುಡಾಯಿಸಿದರು. ಅವನು ಜಪ್ಪಯ್ಯ ಎನ್ನಲಿಲ್ಲ. ಕೊಡ ತುಂಬಿಸಿ ತಂದು ಅವಳೆದುರು ಇಟ್ಟ.

ಕಾಶೆವ್ವ ಮುಖ ಗಂಟಿಕ್ಕಿಕೊಂಡೇ ಮನೆಗೆ ಹೋದಳು. ಒಲೆಯ ಮುಂದೆ ಕೂತಾಗ ಮಾತ್ರ ತನ್ನಷ್ಟಕ್ಕೇ ನಕ್ಕಳು.

ಅವನ ಹೆಸರು ಉಳವಪ್ಪ. ಊರು ಹಳಿಯಾಳ. ಅಪ್ಪ ಅವ್ವ ಸಣ್ಣಂದಿನಲ್ಲೇ ಹೋಗಿ, ಅಕ್ಕ ಮಹಾದೇವಕ್ಕನೇ ಸಾಕಿದ್ದಳು. ಕಾಶೆವ್ವನಿಗೂ ಅವ್ವ ಇರಲಿಲ್ಲ. ಮಿಲ್ಲಿನಲ್ಲಿ ದುಡಿಯುವ ಅಪ್ಪ ಶಿವಲಿಂಗಪ್ಪ, ಮತ್ತು ಅವಳು... ಮನೆಯಲ್ಲಿ ಇಬ್ಬರೇ. ಆಮೇಲೆ ಆ ಏರಿನಲ್ಲಿ ಉಳವಪ್ಪನ ಲಾರಿ ಯಾಕೋ ಪದೇಪದೇ ಕಾಯತೊಡಗಿತು. ಎಂಜಿನ್ನಿಗೆ ಅಷ್ಟು ನೀರಡಿಕೆ ಇತ್ತೋ ಅವನಿಗಿತ್ತೋ, ಓದುವವರೇ ಹೇಳಬೇಕು.

ಅಷ್ಟರಲ್ಲಿ ಚೀನದ ಯುದ್ಧ ಬಂತು. ಯುದ್ಧ ಮುಗಿದ ಮೇಲೆ ಬೆಳಗಾವಿಯಲ್ಲಿ ಡ್ರೈವಿಂಗ್ ಗೊತ್ತಿದ್ದವರನ್ನು ಮಿಲಿಟರಿಗೆ ತೆಗೆದುಕೊಂಡರು. ಉಳವಪ್ಪ ಹೋದ. ೧೯೬೪ರಲ್ಲಿ ರಜೆಗೆ ಬಂದಾಗ ಮಹಾದೇವಕ್ಕ ಬಂದು ಕಾಶೆವ್ವನಿಗೆ ಸೀರೆ ಉಡಿಸಿ, ಉಡಿ ತುಂಬಿ, ಮಾತು ಗಟ್ಟಿ ಮಾಡಿದಳು. ಮುಂದಿನ ರಜೆಯಲ್ಲಿ ಮದುವೆ ಎಂದಾಯಿತು.

ಆ ಮುಂದಿನ ರಜೆ ಬರಲೇ ಇಲ್ಲ...

ಮೊದಮೊದಲು ಪತ್ರಗಳು ಬರುತ್ತಿದ್ದವು. ಲಡಾಖಿನ ಯಾವ ಮೂಲೆಯಲ್ಲಿದ್ದೇನೆಂದು ಬರೆಯುವ ಹಾಗಿಲ್ಲ ಎಂದು ಬರೆಯುತ್ತಿದ್ದ. ಉಳಿದದ್ದೆಲ್ಲ ಚಳಿಯದೇ ಸುದ್ದಿ. ನಮ್ಮಲ್ಲಿ ಎಂಜಿನ್ನಿಗೆ ನೀರು ಹಾಕುವ ಚಿಂತೆ, ಇಲ್ಲಿ ಸಂಜೆಯಾದರೆ ನೀರು ತೆಗೆಯುವ ಚಿಂತೆ. ತೆಗೆಯದಿದ್ದರೆ ನೀರು ಹೆಪ್ಪುಗಟ್ಟಿ ಎಂಜಿನ್ ಸೀಳಿಹೋಗುತ್ತದೆ. ಬ್ಯಾಟರಿಯನ್ನು ಬಿಚ್ಚಿ ಡೇರೆಯೊಳಗೆ ನಮ್ಮ ಪಕ್ಕದಲ್ಲೇ ಮಲಗಿಸಿಕೊಳ್ಳುತ್ತೇವೆ. ಬೆಳಿಗ್ಗೆ ಎಂಜಿನ್ ಎಣ್ಣೆ ಗಡ್ಡೆ ಕಟ್ಟಿರುತ್ತದೆ, ಲಾರಿಯ ಕೆಳಗೆ ಬೆಂಕಿ ಇಟ್ಟು ಕಾಯಿಸಬೇಕು. ಒಂದರ ಮೇಲೊಂದು ಮೂರು ಜೊತೆ ಕಾಲುಚೀಲ ಹಾಕಿದರೂ ಕಾಲಿದೆಯೋ ಇಲ್ಲವೋ ತಿಳಿಯುವುದಿಲ್ಲ...

ಈ ಕೊನೆಯ ಮಾತು ಓದಿ ಕಾಶೆವ್ವ ರೊಟ್ಟಿ ಮುಟ್ಟಲಿಲ್ಲ. ದಾಂಡೇಲಿಯ ಹುಡುಗಿಗೆ ಚಳಿ ಎಂದರೆ ಗೊತ್ತಿದ್ದುದು ಇಷ್ಟೇ: ಹೊದ್ದುಕೊಂಡರೆ ಹೋಗುವಂಥದ್ದು.

ಸತ್ತ ಅವ್ವನ ಇಳಕಲ್ ಸೀರೆ ಟ್ರಂಕಿನಲ್ಲಿತ್ತು. ಅವ್ವನದೆಂದು ಉಳಿದದ್ದು ಅದೊಂದೇ. ಅದನ್ನು ಮೇಲೆ ಹಾಕಿ, ಒಳಗೆ ಹಳೆಯ ಅರಿವೆ ತುಂಬಿ ಎರಡು ತಿಂಗಳು ಕೂತು ಕೌದಿ ಹೊಲಿದಳು. ಕಡೆಯ ಮೂಲೆ ಮುಚ್ಚುವ ಮೊದಲು ಒಂದು ಹಿಡಿ ಜೋಳ ಹಾಕಿದಳು. ಕೌದಿಯ ಹೊಟ್ಟೆ ಖಾಲಿ ಇರಬಾರದು, ಹಸಿದ ಕೌದಿ ಹೊದ್ದವರನ್ನು ಬೆಚ್ಚಗಿಡುವುದಿಲ್ಲ ಎಂದು ಅವ್ವ ಹೇಳುತ್ತಿದ್ದಳು. ಪಾರ್ಸೆಲ್ ಹೋಯಿತು. ನಿನ್ನ ಕೌದಿ ಮುಟ್ಟಿತು ಎಂದು ಎರಡು ಸಾಲಿನ ಪತ್ರ ಬಂತು. ಅಷ್ಟೇ.

೧೯೬೫ರ ಶಿವರಾತ್ರಿಯ ಹೊತ್ತಿಗೆ ಸಾತಪ್ಪ ಬಂದ. ಅವನು ಉಳವಪ್ಪನ ಜೊತೆಗಾರ, ಬೆಳಗಾವಿ ಕಡೆಯವನು. ರಜೆಗೆ ಹೋಗುವ ದಾರಿಯಲ್ಲಿ ಗೆಳೆಯನ ಬೀಗರ ಮನೆ ನೋಡಿ ಹೋಗಲು ಬಂದಿದ್ದ. ಚಹಾ ಕುಡಿಯುತ್ತ ನಗೆಚಾಟಿಕೆಗೆಂದೇ ಹೇಳಿದ.

"ನಿಮ್ಮ ಕೌದಿ ಭಾಳ ಚಲೋ ಐತ್ರಿ. ಆದ್ರ ಉಳವಪ್ಪ ಹೊದ್ದಕೊಂಡಿಲ್ಲ, ಲಾರಿಗೆ ಹೊದಿಸ್ಯಾನ. ಬಾನೆಟ್ ಮ್ಯಾಲ ಹಾಕಿ ಹಗ್ಗಾ ಬಿಗದಾನ. ಲಾರೀನ ಅವಗ ಮೊದಲ ಹೇಂತಿ."

ಅಪ್ಪನೂ ನಕ್ಕ. ಕಾಶೆವ್ವ ಮಾತ್ರ ಕಪ್ಪು-ಬಸಿ ಎತ್ತಿಕೊಂಡು ಒಳಗೆ ಹೋದಳು.

ಲಾರಿಗೆ?... ನಮ್ಮವ್ವನ ಸೀರೆ ಲಾರಿಗೆ?... ಎಣ್ಣೆ ಒರೆಸುವ ಚಿಂದಿಯಾಯಿತೇ ಅದು? ಕಬ್ಬಿಣಕ್ಕೆಲ್ಲಿಯ ಚಳಿ?

ಬಿಸಿಲಿಗೆ ಎಂಜಿನ್ ಕುದಿಯುವ ಊರಿನಲ್ಲಿ ಬೆಳೆದವಳು. ಅವನ ಪತ್ರಗಳನ್ನು ನೂರು ಸಲ ಓದಿದ್ದಳು ನಿಜ, ಆದರೆ ಓದಿದ್ದೆಲ್ಲ ಅವನ ಕೈಕಾಲಿನ ಚಳಿಯನ್ನು. ಲಾರಿಯ ಚಳಿ ಅವಳ ತಲೆಗೆ ಹೋಗಿರಲೇ ಇಲ್ಲ.

ನಾಲ್ಕು ದಿನ ಅತ್ತಳು. ಐದನೆಯ ದಿನ ಮಹಾದೇವಕ್ಕ ಉಡಿಸಿದ ಸೀರೆಯನ್ನು ಮಡಚಿ ಅಪ್ಪನ ಕೈಗೆ ಕೊಟ್ಟು, ಹಳಿಯಾಳಕ್ಕೆ ಮುಟ್ಟಿಸಿ ಬಾ ಎಂದಳು. ಉಡಿಸಿದ ಸೀರೆ ತಿರುಗಿ ಹೋದರೆ ಮಾತು ಮುರಿದಂತೆ, ಅದನ್ನು ಬಾಯಿಬಿಟ್ಟು ಹೇಳಬೇಕಿಲ್ಲ.

"ಮೊದಲ ಅವನ್ನ ಒಂದ ಮಾತ ಕೇಳವ್ವ," ಎಂದ ಶಿವಲಿಂಗಪ್ಪ.

ಕೇಳಲಿಲ್ಲ ಅವಳು.

ಸಿಟ್ಟಿನ ಕೈಗೆ ಬುದ್ಧಿ ಕೊಟ್ಟರೆ ಇನ್ನೇನಾಗುತ್ತದೆ? ಸೀರೆ ಹೋದ ಮೇಲೆ ಅವಳು ದಿನಾ ಪೋಸ್ಟ್‌ಮನ್ನನ ದಾರಿ ಕಾದಳು. ಬೈದು ಬರೆಯುತ್ತಾನೆ... ಯಾಕೆ ಹೀಗೆ ಮಾಡಿದೆ ಎಂದು ಕೇಳುತ್ತಾನೆ... ಕೇಳಿದರೆ ಸಾಕು, ಎಲ್ಲ ಮರೆತುಬಿಡುತ್ತೇನೆ!

ಒಂದು ಕಾರ್ಡೂ ಬರಲಿಲ್ಲ.

ಒಂದು ವರ್ಷ ಹೋಯಿತು, ಇನ್ನೊಂದು ಹೋಯಿತು. ಬಂದ ಸಂಬಂಧಗಳನ್ನು ಅವಳು ಒಲ್ಲೆನೆಂದಳು. ಅಪ್ಪ ಬೈಯುವುದನ್ನೂ ಬಿಟ್ಟ. ಬಿದಿರಿನ ಲಾರಿ ಏರಿನಲ್ಲಿ ಏದುಸಿರು ಬಿಟ್ಟಾಗಲೆಲ್ಲ ಅವಳ ಕೈಯ ಕೆಲಸ ನಿಲ್ಲುತ್ತಿತ್ತು. ನಳದ ಪಾಳಿಯಲ್ಲಿ ಹುಡುಗಿಯರು ಬದಲಾದರು, ಮದುವೆಯಾಗಿ ಹೋದರು, ಮಕ್ಕಳನ್ನೆತ್ತಿಕೊಂಡು ತವರಿಗೆ ಬಂದರು. ಕಾಶೆವ್ವ ಅದೇ ಕೊಡ ಹಿಡಿದು ಅಲ್ಲೇ ನಿಂತಿದ್ದಳು. ಅವನಿಗೆ ನಾನು ಏನೂ ಆಗಿರಲಿಲ್ಲ ಎಂಬ ಮಾತು ಎದೆಯಲ್ಲಿ ಕೂತುಬಿಟ್ಟಿತ್ತು. ಹಾಗೆ ನೋಡಿದರೆ ಅವಳು ಯಾರ ಮೇಲೂ ಸಿಟ್ಟಾಗುವುದನ್ನೇ ಬಿಟ್ಟಿದ್ದಳು. ಬದುಕಿನ ಆಸೆ ಸತ್ತವರಿಗೆ ಸಿಟ್ಟೂ ಬರುವುದಿಲ್ಲ.

೧೯೬೭ರ ಒಂದು ಮಧ್ಯಾಹ್ನ ಮಹಾದೇವಕ್ಕ ಬಂದಳು. ಬಗಲಲ್ಲಿ ಗಂಟು. ಗಂಟಿನೊಳಗೆ ಅದೇ ಸೀರೆ.

ನೀರು ಕೊಟ್ಟರೆ ಕುಡಿಯಲಿಲ್ಲ. ಕೂರು ಎಂದರೆ ಕೂರಲಿಲ್ಲ. "ಆಣಿ ಮುರದ ಬಂದೇನಿ, ಪಾಪ ನನಗಿರ್ಲಿ," ಎಂದಳು. "ನನ್ನ ತಮ್ಮನ ಬಲಗೈಯಾಗ ಹೆಬ್ಬೆರಳೊಂದ ಐತವ್ವ. ಉಳದ ನಾಕೂ ಇಲ್ಲ."

ಯಾವಾಗ ಆಯಿತು ಎಂದು ಕೇಳಿದಳು ಕಾಶೆವ್ವ.

ಮಹಾದೇವಕ್ಕ ಹೇಳಿದ್ದಿಷ್ಟು. ಸಾತಪ್ಪ ರಜೆಗೆ ಹೊರಟ ವಾರದಲ್ಲೇ ಅದು ಆದದ್ದು. ಸೀರೆ ತಿರುಗಿ ಬಂದ ದಿನ ಉಳವಪ್ಪ ಕೈಗೆ ಪಟ್ಟಿ ಕಟ್ಟಿಸಿಕೊಂಡು ಮಿಲಿಟರಿ ಆಸ್ಪತ್ರೆಯಲ್ಲಿದ್ದ. ಸುದ್ದಿ ಇನ್ನೂ ಅಕ್ಕನಿಗೇ ಮುಟ್ಟಿರಲಿಲ್ಲ. ಸೀರೆಯ ಸಂಗತಿ ತಿಳಿದಾಗ ಅವನು ಬೇರೆಯವರ ಕೈಯಿಂದ ಬರೆಸಿದ, ಆದದ್ದು ಒಳ್ಳೆಯದಾಯಿತು, ಅವಳಿಗೆ ಏನೂ ಹೇಳಬೇಡ ಎಂದು. ಊರಿಗೆ ಬಂದ ಮೇಲೆ ಉಳವಿ ಬಸವಣ್ಣನ ಮೇಲೆ ಆಣೆ ಹಾಕಿಸಿಕೊಂಡ. ಈಗ ಮುಂಡಗೋಡದಲ್ಲಿದ್ದಾನೆ, ಕಾಡು ಕಡಿದು ಟಿಬೆಟಿನ ನಿರಾಶ್ರಿತರಿಗೆ ಊರು ಕಟ್ಟುತ್ತಿರುವಲ್ಲಿ ಟ್ರ್ಯಾಕ್ಟರ್ ನೋಡಿಕೊಳ್ಳುತ್ತಾನೆ.

"ನೀ ಒಲ್ಲೆ ಅಂದ್ರೂ ನಾ ಏನೂ ಅನ್ನೂದಿಲ್ಲ," ಎಂದಳು ಮಹಾದೇವಕ್ಕ. "ಖರೆ ಗೊತ್ತಾಗಿ ಒಲ್ಲೆ ಅನ್ನು."

ಮರುದಿನ ಬೆಳಿಗ್ಗೆ ಇಬ್ಬರೂ ಹಳಿಯಾಳದ ಬಸ್ ಹತ್ತಿದರು. ಅಲ್ಲಿಂದ ಮುಂಡಗೋಡಕ್ಕೆ ಇನ್ನೊಂದು ಬಸ್. ದಾರಿಯುದ್ದಕ್ಕೂ ಕಾಶೆವ್ವ ತನ್ನ ಬಲಗೈಯ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದಳು.

ಹೊಸದಾಗಿ ಬಿತ್ತಿದ ಗೋವಿನಜೋಳದ ಹೊಲದಂಚಿಗೆ ತಗಡಿನ ಚಪ್ಪರ. ಕೆಂಪು ಟ್ರ್ಯಾಕ್ಟರಿನ ಪಕ್ಕ ಅವನಿದ್ದ, ಒಬ್ಬ ಟಿಬೆಟಿ ಮುದುಕನಿಗೆ ಏನನ್ನೋ ಎಡಗೈಯಲ್ಲಿ ತೋರಿಸುತ್ತಿದ್ದ. ಮಹಾದೇವಕ್ಕ ದೂರದ ಮರದ ಕೆಳಗೇ ಕೂತಳು. ಮುದುಕನೂ ಎದ್ದು ಹೋದ. ಕುಂಟುತ್ತಿದ್ದ ಆ ಮುದುಕನ ಒಂದು ಪಾದದಲ್ಲಿ ಬೆರಳುಗಳಿರಲಿಲ್ಲ.

ಉಳವಪ್ಪ ಬಲಗೈಯನ್ನು ಬೆನ್ನ ಹಿಂದೆ ಒಯ್ದ.

"ಅಕ್ಕ ಹೇಳಿದಳೇನು?"

ಅವಳು ಹೂಂ ಎಂದಳು.

"ನೋಡಿದಿ, ಆತು. ಸಂಜಿ ಬಸ್ಸಿಗೆ ಹೋಗ್ರಿ." ದನಿಯಲ್ಲಿ ಸಿಟ್ಟಿರಲಿಲ್ಲ, ಏನೂ ಇರಲಿಲ್ಲ. "ಇಲ್ಲಿ ಮಂದಿ ಹಿಮದಾಗ ನಡದ ಬಂದವರು. ಯಾರೂ ನನ್ನ ಕೈ ಹೊಳ್ಳಿ ಹೊಳ್ಳಿ ನೋಡಂಗಿಲ್ಲ. ಅದಕ್ಕ ಇಲ್ಲಿ ಅದೇನಿ."

ಕಾಶೆವ್ವ ಕದಲಲಿಲ್ಲ. ಹೇಗಾಯಿತು ಎಂದು ಕೇಳಿದಳು. ಅವನು ಯಾರದೋ ಕಥೆ ಹೇಳಿದ ಹಾಗೆ ಹೇಳಿದ.

ಮೇಲಿನ ಡೇರೆಯಲ್ಲಿ ನಾಲ್ಕು ಮಂದಿ ಜ್ವರ ಬಂದು, ಉಸಿರು ಸಿಕ್ಕದೆ ಬಿದ್ದಿದ್ದರು. ಬೆಳಿಗ್ಗೆ ಅವರನ್ನು ಕೆಳಗಿಳಿಸಲು ಇದ್ದದ್ದು ಅದೊಂದೇ ಲಾರಿ. ಸಂಜೆ ರೇಡಿಯೇಟರಿನ ನೀರು ತೆಗೆಯಲು ಹೋದರೆ ಕೆಳಗಿನ ನಳ ಹಿಮ ಕಟ್ಟಿ ಬಿಗಿದಿತ್ತು. ದಪ್ಪ ಕೈಗವಸಿಗೆ ಆ ಸಣ್ಣ ನಳ ಸಿಗಲಿಲ್ಲ. ಬಿಟ್ಟರೆ ಎಂಜಿನ್ ಸೀಳುತ್ತದೆ. ಕೈಗವಸು ತೆಗೆದು ಹಿಡಿದ. ಚರ್ಮ ಹಿತ್ತಾಳೆಗೆ ಅಂಟಿತು, ತಿರುವಿದ ಕೂಡಲೇ ನೀರು ಕೈಮೇಲೆ ಸುರಿದು ಅಲ್ಲೇ ಗಡ್ಡೆಯಾಯಿತು. ಆಮೇಲೆ ದಿನದಂತೆ ಬಾನೆಟ್ಟಿಗೆ ಕೌದಿ ಹೊದಿಸಿ ಬಿಗಿದ. ಬೆಳಿಗ್ಗೆ ಕೆಳಗೆ ಬೆಂಕಿ ಇಟ್ಟಾಗ ಕಾವು ಹೊರಗೆ ಹೋಗದೆ ಎಂಜಿನ್ ಎದ್ದಿತು. ಅದೇ ಕೈಯಲ್ಲಿ ಏಳು ತಾಸು ಓಡಿಸಿದ.

"ಕೌದಿ ನಾ ಹೊದ್ದಿದ್ರ ನಾ ಒಬ್ಬ ಬೆಚ್ಚಗಿರ್ತಿದ್ದೆ," ಎಂದ. "ಲಾರಿ ಹೊದ್ದಿದ್ದಕ್ಕ ನಾಕ ಮಂದಿ ಉಳದ್ರು. ನಿಮ್ಮವ್ವನ ಸೀರಿ ಅಂತ ನಂಗ ಗೊತ್ತಿತ್ತು ಕಾಶಿ. ನಿನಗ ಹೆಂಗ ಬರೀಬೇಕು ತಿಳೀಲಿಲ್ಲ."

ಕಾಶೆವ್ವ ಅಲ್ಲೇ ನೆಲದ ಮೇಲೆ ಕುಸಿದಳು. ಎರಡು ವರ್ಷ ಬಾರದಿದ್ದ ಅಳು ಒಮ್ಮೆಲೇ ಬಂತು. ಅವನು ಏನು ಮಾಡಬೇಕೆಂದು ತಿಳಿಯದೆ ಚಪ್ಪರದೊಳಗೆ ಹೋಗಿ ತನ್ನ ಹಾಸಿಗೆಯ ಕೌದಿ ತಂದು ಅವಳೆದುರು ಇಟ್ಟ. ಎಣ್ಣೆ ಕುಡಿದು ಕಪ್ಪಾಗಿತ್ತು, ಒಂದು ಬದಿ ಸುಟ್ಟಿತ್ತು. ಅವಳು ಕಡೆಯ ಮೂಲೆಯನ್ನು ಹುಡುಕಿ ಹಿಚುಕಿದಳು. ಒಳಗೆ ಜೋಳ ಕಾಳುಕಾಳಾಗಿ ಕೈಗೆ ಸಿಕ್ಕಿತು.

"ನಾ ಕೇಳಲಿಲ್ಲ," ಎಂದಳು ಬಿಕ್ಕುತ್ತ. "ಒಂದ ಮಾತ ಕೇಳದ ಸೀರಿ ಕಳಸಿದೆ. ನೀವೂ ಕೇಳಲಿಲ್ಲ. ನಿಮ್ಮಷ್ಟಕ್ಕ ನೀವ ನನ್ನ ಬಿಟ್ಟಬಿಟ್ರಿ. ಅವತ್ತ ಕೊಡಾ ಎತ್ತಿದಂಗ."

ಉಳವಪ್ಪ ಬಲಗೈಯನ್ನು ಮುಂದೆ ತಂದ. ಮೊದಲ ಸಲ, ಅವಳ ಕಣ್ಣೆದುರು ಹಿಡಿದ.

"ಸ್ಟೇರಿಂಗ್ ಹಿಡೀಲಾರದ ಕೈ ಇದು. ತಾಳಿ ಗಂಟ ಹಾಕಾಕೂ ಬರೂದಿಲ್ಲ. ಇದನ್ನ ತಗೊಂಡ ಏನ ಮಾಡ್ತಿ?"

ಅವಳು ಆ ಕೈಯನ್ನು ಎರಡೂ ಅಂಗೈಗಳ ನಡುವೆ ಹಿಡಿದುಕೊಂಡಳು. ಬೆಚ್ಚಗಿತ್ತು ಅದು. ಅಷ್ಟು ದಿನ ಅದು ತಣ್ಣಗಿರುತ್ತದೆಂದೇ ಅವಳು ಯಾಕೋ ಅಂದುಕೊಂಡಿದ್ದಳು.

"ನೀವ ತಾಳಿ ಹಿಡದ ನಿಂದರ್ರಿ. ಗಂಟ ನಾ ಹಾಕ್ಕೋತೇನಿ."

ಅವನು ಮುಖ ತಿರುಗಿಸಿದ. ಭುಜ ಅಲುಗುತ್ತಿತ್ತು. ಮರದ ಕೆಳಗೆ ಮಹಾದೇವಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಆ ಕೈ ಮತ್ತೆ ಚಿಗುರುವುದಿಲ್ಲ, ಹೋದ ವರ್ಷಗಳೂ ಬರುವುದಿಲ್ಲ. ಮೂವರಿಗೂ ಅದು ಗೊತ್ತಿತ್ತು.

ಬೆಳಗಿನಿಂದ ದುಡಿದ ಟ್ರ್ಯಾಕ್ಟರ್ ಬಿಸಿಲಿಗೆ ಹಬೆಯಾಡುತ್ತಿತ್ತು. ಕಾಶೆವ್ವ ಕಣ್ಣೊರೆಸಿಕೊಂಡು ಚಪ್ಪರದ ಮೂಲೆಯಲ್ಲಿದ್ದ ಕೊಡ ಎತ್ತಿಕೊಂಡಳು. ಹೊಂಡದಿಂದ ತುಂಬಿಸಿ ತಂದು, ಸೊಂಟದ ಮೇಲಿಟ್ಟುಕೊಂಡೇ ಅವನೆದುರು ನಿಂತಳು. ಇಳಿಸಲೂ ಇಲ್ಲ, ಕೊಡಲೂ ಇಲ್ಲ.

ಅವನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು.

"ಕಾಶಿ..." ಎಂದ. "ನೀರ ಕೊಡ್ತೀ ಏನ?"

"ಕೇಳಿದ್ರ ಕೊಡ್ತಿದ್ದೆ," ಎಂದಳು ಕಾಶೆವ್ವ. "ಅವತ್ತೂ ಕೊಡ್ತಿದ್ದೆ."