ಯಾವ ‘ಬರ್ತೀನಿ’?

ಅವನ ಮೆಸೇಜು ಬಂದಾಗ ಅವಳ ಇಸ್ತ್ರಿಪೆಟ್ಟಿಗೆಯ ಕೆಳಗೆ ಯಾರೋ ಗಿರಾಕಿಯ ಬಿಳಿ ಅಂಗಿ ಇತ್ತು. ಹೋಟೆಲಿನ ನೆಲಮಾಳಿಗೆಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವರು ಕೆಲಸದ ಹೊತ್ತಿನಲ್ಲಿ ಫೋನ್ ಮುಟ್ಟುವ ಹಾಗಿಲ್ಲ. ಸೂಪರ್‌ವೈಸರ್ ಆ ಕಡೆ ತಿರುಗಿದ್ದೇ ತಡ, ಅವಳು ಹಬೆ ಉಗುಳುವ ಮಿಷಿನ್ನಿನ ಹಿಂದೆ ಸರಿದು ಫೋನನ್ನು ಕಿವಿಗೆ ಒತ್ತಿಕೊಂಡಳು.

ವಾಯ್ಸ್ ಮೆಸೇಜು ಯಾರದೇ ಇರಲಿ, ಅವಳು ಕೇಳುವುದು ಡಬಲ್ ಸ್ಪೀಡಿನಲ್ಲಿ. ಇದಕ್ಕೆ ಅಮ್ಮನೇ ಕಾರಣ. ಊರಿನಿಂದ ಅಮ್ಮ ಕಳಿಸುವ ಮೆಸೇಜು ಮೊಣಕಾಲು ನೋವಿನಿಂದ ಶುರುವಾಗಿ, ಪಕ್ಕದ ಮನೆಯ ಜಗಳವನ್ನು ಹಾದು, ಕೊನೆಗೆ ಸೀರಿಯಲ್ಲಿನ ಕಥೆಗೆ ಬಂದು ತಳವೂರುತ್ತದೆ. ಅದನ್ನಂತೂ ಅಮ್ಮ ಉಪ್ಪುಖಾರ ಹಚ್ಚಿ, ಒಂದು ಮಾತೂ ಬಿಡದೆ ಹೇಳುತ್ತಾಳೆ. ಕಥೆ ಮೊದಲೇ ಗೊತ್ತಾಗಿಬಿಟ್ಟರೆ ರಜೆಯ ದಿನ ನೋಡುವುದೇನು, ಮಣ್ಣು? ಆ ಭಾಗ ಓಡಿಹೋಗಲಿ ಅಂತ ಯಾವಾಗಲೋ ಒತ್ತಿದ ಸ್ಪೀಡು ಹಾಗೇ ಉಳಿದುಬಿಟ್ಟಿತ್ತು.

ಅದೇ ಓಟದಲ್ಲಿ ಅವನ ಮಾತೂ ಕಿವಿಯೊಳಗೆ ಓಡಿತು. “ಮೇಡಂ, ನಮ್ಮ ಟೀಮ್‌ನ ಬೇರೆ ಊರಿಗೆ ಹಾಕಿದಾರೆ. ರಜೆ ದಿನ ಮಧ್ಯಾಹ್ನ ಬಸ್ಸು. ನಿಮ್ಮಮ್ಮ ಹೇಳಿದ್ದು ನನಗೂ ಕೇಳಿಸ್ತು. ಮಧ್ಯ ಬಾಯಿ ಹಾಕೋಕೆ ನಾನ್ಯಾರು. ಬರ್ತೀನಿ.”

ನಮ್ಮ ಜನ ಹೊರಡುವಾಗ ‘ಹೋಗ್ತೀನಿ’ ಅನ್ನುವುದಿಲ್ಲ. ಇನ್ನೆಂದೂ ಮುಖ ತೋರಿಸದ ಕಡೆಗೆ ಹೊರಟರೂ ಹೊಸ್ತಿಲಲ್ಲಿ ನಿಂತು ‘ಬರ್ತೀನಿ’ ಅಂತಲೇ ಹೇಳುತ್ತಾರೆ. ಇವನೂ ಹೇಳಿಬಿಟ್ಟನಲ್ಲ, ನೆಂಟರ ಮನೆಯಿಂದ ಚಹಾ ಕುಡಿದು ಎದ್ದವನ ಹಾಗೆ.

ಅವಳಿಗೆ ಅಳು ಬರಬೇಕಿತ್ತು, ಸಿಟ್ಟು ಬಂತು. ಅದೇ ಸಿಟ್ಟಿನಲ್ಲಿ “ಹೋಗಿ ಬನ್ನಿ” ಎಂದು ಟೈಪ್ ಮಾಡಿ ಕಳಿಸಿದಳು. ಅವನು ಓದಿದ ಗುರುತು ತಕ್ಷಣ ಬಂತು, ಉತ್ತರ ಬರಲಿಲ್ಲ. ಅಷ್ಟರಲ್ಲಿ ಇಸ್ತ್ರಿಪೆಟ್ಟಿಗೆಯ ಕೆಳಗೆ ಗಿರಾಕಿಯ ಕಾಲರು ಕಂದಿತ್ತು.

ಅವರಿಬ್ಬರ ಪರಿಚಯ ಆದದ್ದೂ ಆ ಸೀರಿಯಲ್ಲಿನಿಂದಲೇ. ಈ ದೇಶಕ್ಕೆ ಬಂದ ಹೊಸತರಲ್ಲಿ ವಾರದ ರಜೆ ಎಂದರೆ ಅವಳಿಗೆ ಶಿಕ್ಷೆ. ರೂಮಿನಲ್ಲಿ ಕೂತರೆ ಗೋಡೆ ಮೈಮೇಲೆ ಬರುತ್ತಿತ್ತು, ಹೊರಗೆ ಹೋದರೆ ಭಾಷೆ ಬಾರದು. ಕಡೆಗೆ ಮಾಲಿನ ಮೇಲಿನ ಮಹಡಿ ಹುಡುಕಿಕೊಂಡಳು. ಅಲ್ಲಿ ತಣ್ಣಗೆ ಗಾಳಿ, ಪುಕ್ಕಟೆ ವೈಫೈ, ಒಂದು ಕಾಫಿ ತೆಗೆದುಕೊಂಡರೆ ಏಳಿ ಎನ್ನುವವರಿಲ್ಲ. ಗಾಜಿನ ಗೋಡೆಯ ಪಕ್ಕದ ಮೇಜಿನಲ್ಲಿ ಕೂತು ವಾರದ ಎಪಿಸೋಡುಗಳನ್ನೆಲ್ಲ ಒಟ್ಟಿಗೇ ನುಂಗುತ್ತಿದ್ದಳು. ಒಂದು ದಿನ ಇಯರ್‌ಫೋನಿನ ಪಿನ್ನು ಸಡಿಲವಾಗಿ ಸೀರಿಯಲ್ಲಿನ ಅತ್ತೆಯ ಅಬ್ಬರ ಹೊರಗೆಲ್ಲ ಕೇಳಿಸಿಬಿಟ್ಟಿತು.

ಹಿಂದಿನ ಮೇಜಿನಿಂದ ಯಾರೋ ಅಚ್ಚ ಕನ್ನಡದಲ್ಲಿ ಕೇಳಿದರು. “ನಿಮ್ಮತ್ತೆ ಇವತ್ತೂ ಹಾಲಿಗೆ ಏನಾದ್ರೂ ಬೆರೆಸಿದ್ರಾ?”

ತಿರುಗಿದರೆ ಬಿಸಿಲಿಗೆ ಕಪ್ಪಿಟ್ಟ ಮುಖ, ಮುದುಡಿದ ಅಂಗಿ, ತುಟಿಯಲ್ಲಿ ಅಡಗಿಸಿದ ನಗು. ಎತ್ತರದ ಕಟ್ಟಡಗಳ ಹೊರಗೆ ತೊಟ್ಟಿಲಲ್ಲಿ ನೇತಾಡುತ್ತಾ ಗಾಜು ಒರೆಸುವ ಕೆಲಸ ಅವನದು. ಅವಳು ಕನ್ನಡ ಕೇಳಿದ ಖುಷಿಯನ್ನು ಮುಚ್ಚಿಟ್ಟುಕೊಂಡು, ಮೊದಲು ನಿಮ್ಮ ಅಂಗಿಗೆ ಇಸ್ತ್ರಿ ತೋರಿಸಿ ಎಂದಳು. ಮುಂದಿನ ರಜೆಗೆ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಎದೆಯ ಮೇಲೆ ಪೆಟ್ಟಿಗೆಯ ಗುರುತು ಹಾಗೇ ಹೊಳೆಯುತ್ತಿತ್ತು. ಅವಳು ಎಷ್ಟು ನಕ್ಕಳೆಂದರೆ ಕಣ್ಣಲ್ಲಿ ನೀರು ಬಂತು. ಅವನು ನಗಲಿಲ್ಲ, ಅವಳು ನಗುವುದನ್ನೇ ನೋಡುತ್ತಾ ಕೂತ. ಆ ನೋಟ ಕಂಡು ಅವಳು ನಗು ನಿಲ್ಲಿಸಿ ಕಾಫಿಯೊಳಗೆ ಕಣ್ಣಿಟ್ಟಳು.

ಅಂದಿನಿಂದ ಇಯರ್‌ಫೋನಿನ ಒಂದು ಕಿವಿ ಅವಳದು, ಇನ್ನೊಂದು ಕಿವಿ ಅವನದು. ವಾರದ ನಡುವೆ ಯಾರೂ ಒಬ್ಬರೇ ನೋಡಬಾರದು ಎಂದು ಕರಾರಾಯಿತು. ಸೊಸೆಯ ದಡ್ಡತನಕ್ಕೆ ಅವನು ಹಲ್ಲು ಕಡಿಯುತ್ತಿದ್ದ. ಅವಳು ಅತ್ತರೆ ಲೇವಡಿ ಮಾಡುತ್ತಿದ್ದ, ತನ್ನ ಕಣ್ಣು ತುಂಬಿದರೆ ಮಾತ್ರ ಗಾಜಿನ ಗೋಡೆಯ ಕಡೆ ತಿರುಗಿ, “ನೋಡಿ, ಎಡಗಡೆ ಮೂಲೆ ಒರೆಸದೆ ಬಿಟ್ಟುಬಿಟ್ಟಿದಾನೆ” ಅನ್ನುತ್ತಿದ್ದ. ಆಫೀಸುಗಳ ಗಾಜಿನ ಮೇಲೆ ಒಳಗಿನವರಿಗಾಗಿ ಬರೆದದ್ದನ್ನು ಹೊರಗಿನಿಂದ ನೋಡಿ ನೋಡಿ ತನಗೆ ತಿರುಗುಮುರುಗು ಅಕ್ಷರವೇ ಸಲೀಸು, ನೆಟ್ಟಗಿನದು ಓದಲು ಕಷ್ಟ ಎಂದು ಬಡಾಯಿ ಕೊಚ್ಚುತ್ತಿದ್ದ. ಅವಳನ್ನು ಮೇಡಂ ಅನ್ನುತ್ತಿದ್ದ. ಅವಳ ಫೋನಿನಲ್ಲಿ ಅವನ ಹೆಸರು ಗಾಜು ಎಂದಿತ್ತು. ಪ್ರೀತಿ ಅಂತ ಇಬ್ಬರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಿದರೆ ಎಲ್ಲಿ ಒಡೆದುಹೋಗುತ್ತದೋ ಎಂಬ ಭಯ ಇಬ್ಬರಿಗೂ ಇತ್ತು.

ಕಳೆದ ರಜೆಗೆ ಅವನು ಒಂದು ಮಾತು ಹೇಳಬೇಕು ಎಂದಿದ್ದ. ಎಪಿಸೋಡು ಮುಗೀಲಿ ಎಂದಳು ಅವಳು, ಎದೆ ಡವಡವ ಎನ್ನುತ್ತಿದ್ದುದನ್ನು ಮರೆಮಾಚಲು. ಎಪಿಸೋಡು ಮುಗಿಯಲಿಲ್ಲ, ಅಮ್ಮನ ಫೋನು ಬಂತು. ಗಾಬರಿಯಲ್ಲಿ ಒತ್ತಿಬಿಟ್ಟಳು. ಅಮ್ಮನ ಧ್ವನಿ ಇಬ್ಬರ ಕಿವಿಗೂ ಒಟ್ಟಿಗೇ ಬಿತ್ತು.

“ಹುಡುಗ ನಿನ್ನ ಫೋಟೋ ಒಪ್ಪಿದಾನೆ ಕಣೆ. ಮುಂದಿನ ರಜೆಗೆ ಅವರ ಮನೆಯೋರೆಲ್ಲ ವಿಡಿಯೋ ಕಾಲಲ್ಲಿ ನಿನ್ನ ನೋಡ್ತಾರಂತೆ. ಚೂಡಿದಾರ ಬೇಡ, ಸೀರೆ ಉಟ್ಕೊ.”

ಅವನು ಕಿವಿಯಿಂದ ಇಯರ್‌ಫೋನು ತೆಗೆದು, ಅಂಗಿಯ ತುದಿಯಲ್ಲಿ ಮೆಲ್ಲಗೆ ಒರೆಸಿ, ಅವಳ ಅಂಗೈಯಲ್ಲಿಟ್ಟ. ಕೆಲಸ ಇದೆ ಎಂದು ಎದ್ದುಹೋದ. ರಜೆಯ ದಿನ ಯಾವ ಕೆಲಸ ಎಂದು ಕೇಳುವ ಧೈರ್ಯ ಅವಳಿಗಾಗಲಿಲ್ಲ. ಅದಾದ ಮೇಲೆ ಬಂದದ್ದೇ ಈ ಮೆಸೇಜು.

ಆ ವಾರ ಅವಳು ಬದುಕಿದ್ದಳು ಅಷ್ಟೇ. ಮಡಿಸಿದ ಅಂಗಿಯನ್ನೇ ಮತ್ತೆ ಬಿಡಿಸಿ ಮಡಿಸುತ್ತಿದ್ದಳು. ಉಳಿಸಿಟ್ಟ ಎಪಿಸೋಡುಗಳನ್ನು ಹಟಕ್ಕೆ ಒಬ್ಬಳೇ ನೋಡಿಬಿಡೋಣ ಎಂದು ಫೋನು ತೆಗೆದಳು, ಖಾಲಿ ಉಳಿದ ಇಯರ್‌ಫೋನು ಎದೆಯ ಮೇಲೆ ನೇತಾಡಿತು. ಮೊದಲ ದೃಶ್ಯ ಮುಗಿಯುವ ಮೊದಲೇ ಬಂದ್ ಮಾಡಿದಳು. ಹೋಗಬೇಡಿ ಎಂದು ಟೈಪ್ ಮಾಡುವುದು, ಅಳಿಸುವುದು, ಇದೇ ಆಯಿತು. ಮಧ್ಯ ಬಾಯಿ ಹಾಕೋಕೆ ನಾನ್ಯಾರು ಎಂದವನ ಹತ್ತಿರ ಹಲ್ಲುಗಿಂಜಲೇ ಎಂದು ಒಂದು ಮನಸ್ಸು, ಗಿಂಜಿದರೆ ತಪ್ಪೇನು ಎಂದು ಇನ್ನೊಂದು. ಅವನಿಲ್ಲದೆ ಈ ಊರಲ್ಲಿ ಇರಲಾರೆ, ಅವನಿಲ್ಲದೆ ಅಮ್ಮನ ಊರಿಗೂ ಹೋಗಲಾರೆ. ಇಷ್ಟು ಮಾತ್ರ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ರಜೆಯ ದಿನ ಬಂದೇ ಬಂತು. ಈಚೆಗೆ ರೂಮಿಗೆ ಜೊತೆಯಾದ ಕನ್ನಡದ ಅಕ್ಕ, ಅದೇ ಹೋಟೆಲಿನ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವವಳು, ಅವಳಿಗೆ ಸೀರೆಯ ನೆರಿಗೆ ಹಿಡಿದುಕೊಡುತ್ತಿದ್ದಳು. ಮದುವೆ ಹೆಣ್ಣಿನ ಮುಖ ಇಷ್ಟು ಬಾಡಿದ್ದು ಎಲ್ಲೂ ನೋಡಿಲ್ಲ, ಏನು ನುಂಗಿದೀಯ ಕಕ್ಕು ಎಂದು ಗದರಿದಳು. ಅವಳು ಆ ಮೆಸೇಜು ಹಾಕಿ ಫೋನು ಚಾಚಿದಳು.

“ಏನೇ ಇದು, ಇಲಿ ಕಿಚಗುಟ್ಟಿದ ಹಾಗೆ. ನೆಟ್ಟಗೆ ಹಾಕು.”

ಅವಳು ಸ್ಪೀಡು ಇಳಿಸಿದಳು. ಆ ಮೆಸೇಜಿನಲ್ಲಿ ಮೊದಲ ಸಲ ಅವನು ತನ್ನದೇ ನಡಿಗೆಯಲ್ಲಿ ಮಾತಾಡಿದ. ಟೀಮು, ಬಸ್ಸು, ಅಮ್ಮನ ಮಾತು. “ಮಧ್ಯ ಬಾಯಿ ಹಾಕೋಕೆ ನಾನ್ಯಾರು” ಎಂದ ಮೇಲೆ ಮಾತು ನಿಂತುಹೋಯಿತು. ಎತ್ತರದ ಗಾಳಿ ಸುಯ್ಯೆಂದಿತು. ಅವನು ಉಸಿರು ಎಳೆದುಕೊಂಡದ್ದು ಕೇಳಿಸಿತು, ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು. ಆಮೇಲೆ, ಕೊನೆಯ ಅಕ್ಷರವನ್ನು ಕೆಳಗಿಡಲು ಮನಸ್ಸಿಲ್ಲದವನಂತೆ ಎಳೆದು, “ಬರ್ತೀನೀ” ಎಂದ.

ಅಕ್ಕ ನೆರಿಗೆ ಕೈಬಿಟ್ಟಳು. “ಇದು ಹೊರಟವನ ಬರ್ತೀನಿ ಅಲ್ಲ ಕಣೆ. ಬರೋವನ ಬರ್ತೀನಿ. ಹೋಗೋಕೆ ಮುಂಚೆ ನಿನ್ನ ಹತ್ರ ಬರ್ತೀನಿ ಅಂತಿದಾನೆ. ನೀನೇನಂದೆ?”

“ಹೋಗಿ ಬನ್ನಿ ಅಂದೆ.”

“ಅಯ್ಯೋ ನಿನ್ನ,” ಎಂದು ಅಕ್ಕ ಹಣೆ ಚಚ್ಚಿಕೊಂಡಳು.

ಅವಳು ಅರ್ಧ ಉಟ್ಟ ಸೀರೆಯನ್ನು ಸೊಂಟಕ್ಕೆ ಸಿಕ್ಕಿಸಿ ಓಡಿದಳು. ಅವನ ನಂಬರು ಸ್ವಿಚ್ ಆಫ್. ಅವನ ಹಳೇ ಫೋನಿನ ಬ್ಯಾಟರಿ ಮಧ್ಯಾಹ್ನದೊಳಗೆ ಸಾಯುತ್ತದೆಂದು ಅವಳಿಗೆ ಗೊತ್ತಿತ್ತು, ಆದರೂ ಮತ್ತೆ ಮತ್ತೆ ಒತ್ತಿದಳು. ಸಿಗ್ನಲ್ಲಿನಲ್ಲಿ ನಿಂತಾಗ ಅಮ್ಮನ ವಿಡಿಯೋ ಕಾಲು ಬಂತು. ತೆರೆಯ ಆಚೆ ಯಾರ್‍ಯಾರು ಕೂತಿದ್ದಾರೋ, ಯಾರ ಕೈಯಲ್ಲಿ ತಿಂಡಿ ತಟ್ಟೆ ಇದೆಯೋ. ಕಾಲ್ ಕಟ್ ಮಾಡಿ, ಓಡುತ್ತಲೇ ಅಮ್ಮನಿಗೆ ವಾಯ್ಸ್ ಮೆಸೇಜು ಕಳಿಸಿದಳು.

“ಅಮ್ಮಾ, ಅವರಿಗೆ ಬೇಡ ಅಂದ್ಬಿಡು. ಇವತ್ತಲ್ಲ, ಯಾವತ್ತೂ ಬೇಡ. ನಂಗೆ ಒಬ್ರು ಇದಾರೆ. ಅವರು ಹೊರಟು ಹೋಗ್ತಿದಾರೆ ಅಮ್ಮಾ.”

ಮಾಲಿನ ಮೇಲಿನ ಮಹಡಿಯಲ್ಲಿ ಅವರ ಮೇಜು ಖಾಲಿ ಇತ್ತು. ಅಕ್ಕಪಕ್ಕದ ಮೇಜುಗಳ ಮೇಲೆಲ್ಲ ಕಾಫಿಯ ಉಂಗುರ, ಸಕ್ಕರೆ, ಕೈಗುರುತು. ಆ ಒಂದು ಮೇಜು ಮಾತ್ರ ಥಳಥಳ ಹೊಳೆಯುತ್ತಿತ್ತು. ಅವಳು ಬಗ್ಗಿ ಎಡಗಡೆಯ ಮೂಲೆ ನೋಡಿದಳು. ಅಲ್ಲೂ ಒಂದು ಕಲೆಯಿರಲಿಲ್ಲ.

ಬಂದಿದ್ದ. ಹೋಗಿ ಬನ್ನಿ ಎನಿಸಿಕೊಂಡೂ ಬಂದು, ಕೂತು, ಕೈ ಸುಮ್ಮನಿರಲಾರದೆ ಮೇಜು ಒರೆಸಿ ಒರೆಸಿ ಕಾದಿದ್ದ. ಅವಳು ಆ ಮೇಜಿಗೆ ಎರಡೂ ಕೈಯೂರಿ ಜೋರಾಗಿ ಅತ್ತುಬಿಟ್ಟಳು. ಪಕ್ಕದವರು ನೋಡಿದರು, ನೋಡಲಿ ಎನಿಸಿತು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಓಡಿದಳು.

ಗಾಜು ಒರೆಸುವ ಕಂಪನಿಯ ಯಾರ್ಡಿನಲ್ಲಿ ಬಸ್ಸಿನ ಇಂಜಿನ್ ಶುರುವಾಗಿತ್ತು. ಕಿಟಕಿಗಳೆಲ್ಲ ತೆರೆಯಲಾಗದಂಥ ಗಾಜು, ಮೇಲೆ ದಪ್ಪನೆಯ ಧೂಳು. ಹಿಂದಿನ ಸೀಟಿನಲ್ಲಿ ಅವನು ತಲೆ ಆನಿಸಿ ಕಣ್ಣು ಮುಚ್ಚಿದ್ದ. ಅವಳು ಗಾಜು ಬಡಿದಳು. ಅವನು ಕಣ್ಣು ತೆರೆದು ದೆವ್ವ ಕಂಡವನ ಹಾಗೆ ನೋಡಿದ. ಏನೇನೋ ಕೂಗಿದಳು, ಇಂಜಿನ್ನಿನ ಸದ್ದಿಗೆ ಅವನಿಗೆ ಏನೂ ಕೇಳಿಸಲಿಲ್ಲ. ಬಾಗಿಲು ಮುಚ್ಚಿತ್ತು, ಡ್ರೈವರು ಗೇರು ಹಾಕುತ್ತಿದ್ದ.

ಅವಳು ಧೂಳಿನ ಮೇಲೆ ಬೆರಳಿಟ್ಟು ಬರೆದಳು. ಬನ್ನಿ ಎಂದು ಬರೆಯಲು ಹೊತ್ತಿರಲಿಲ್ಲ, ಮನಸ್ಸೂ ಇರಲಿಲ್ಲ.

‘ಬಾ.’

ಒಳಗಿನಿಂದ ಅದು ತಿರುಗುಮುರುಗಾಗಿ ಕಂಡಿರಬೇಕು. ಅವನು ಅದನ್ನು ಓದಿದ. ಓದಿದ್ದೇ ಎದ್ದು, ಎಲ್ಲರ ಚೀಲಗಳನ್ನು ತುಳಿದುಕೊಂಡು, ಬಾಗಿಲು ಬಡಿದು ಕೆಳಗಿಳಿದ.

ಎದುರಿಗೆ ಬಂದ ಮೇಲೆ ಮೊದಲು ಅವಳೇ ಅವನ ಅಂಗಿಯ ಕಾಲರು ಹಿಡಿದಳು, ಅದರ ಮಡಿಕೆ ಸರಿಮಾಡುವ ನೆಪದಲ್ಲಿ. ಹಿಡಿದದ್ದನ್ನು ಬಿಡಲಿಲ್ಲ.

“ಅವರು ನೋಡಿದ್ರಾ ನಿಮ್ಮನ್ನ?” ಎಂದು ಅವನು ಸೀರೆ ನೋಡುತ್ತಾ ಕೇಳಿದ.

“ನಾನು ತೋರಿಸ್ಕೊಳ್ಳಲಿಲ್ಲ. ಅಮ್ಮಂಗೆ ನಿನ್ನ ವಿಷಯ ಹೇಳ್ಬಿಟ್ಟೆ.” ಅವಳ ಬಾಯಿಂದ ನಿನ್ನ ಎಂದು ಬಂದದ್ದು ಅವಳಿಗೇ ಆಮೇಲೆ ಗೊತ್ತಾಯಿತು. “ನೀನಿಲ್ದೆ ನಂಗೆ ಆಗಲ್ಲ. ಈ ಒಂದು ವಾರ ನಾನು ಸತ್ತು ಬದುಕಿದೀನಿ.”

ಅವನ ಕಣ್ಣು ತುಂಬಿತು. ಈ ಸಲ ತಿರುಗಿ ನೋಡಲು ಯಾವ ಗಾಜಿನ ಮೂಲೆಯೂ ಹತ್ತಿರ ಇರಲಿಲ್ಲ. ಅವಳನ್ನೇ ನೋಡುತ್ತಾ, ಹೋಗದೇ ಇದ್ದರೆ ವೀಸಾ ಹೋಗುತ್ತೆ, ಅಲ್ಲಿ ರಜೆ ಯಾವ ದಿನ ಕೊಡ್ತಾರೋ ಗೊತ್ತಿಲ್ಲ ಎಂದ. ಅವಳು ಹೋಗಬೇಡ ಎನ್ನಲಿಲ್ಲ. ಎಪಿಸೋಡುಗಳನ್ನು ಉಳಿಸಿಟ್ಟಿರುತ್ತೇನೆ, ಒಂದನ್ನೂ ನೋಡುವುದಿಲ್ಲ, ಅಮ್ಮ ಕಥೆ ಹೇಳಲು ಬಂದರೆ ಕಿವಿ ಮುಚ್ಚಿಕೊಳ್ಳುತ್ತೇನೆ ಎಂದಳು. ಡ್ರೈವರು ಹಾರ್ನ್ ಒತ್ತಿ ಹಿಡಿದ.

ಅವನು ಕಾಲರಿನಿಂದ ಅವಳ ಕೈ ಬಿಡಿಸಿ, ತನ್ನ ಒರಟು ಅಂಗೈಯೊಳಗೆ ಒಮ್ಮೆ ಬಿಗಿಯಾಗಿ ಹಿಡಿದುಕೊಂಡ. ಬಸ್ಸಿನ ಮೆಟ್ಟಿಲು ಹತ್ತಿ ತಿರುಗಿ, “ಬರ್ತೀನಿ” ಎಂದ.

ಅವಳು ಮೆಟ್ಟಿಲಿನ ಕಂಬಿ ಹಿಡಿದಳು. “ಯಾವ ಬರ್ತೀನಿ?”

“ಬರೋ ಬರ್ತೀನಿ ಕಣೆ.”

ಬಸ್ಸು ಕದಲುವಾಗ ಯಾರ್ಡಿನ ಹುಡುಗರಲ್ಲಿ ಒಬ್ಬ ಅಭ್ಯಾಸಬಲದಿಂದ ಬಟ್ಟೆ ಹಿಡಿದು ಆ ಕಿಟಕಿ ಒರೆಸಲು ಹೋದ. ಗಾಜಿನ ಮೇಲೆ ಒಂದು ಕಲೆಯನ್ನೂ ಸಹಿಸದವನು ಒಳಗಿನಿಂದ ಎರಡೂ ಕೈ ಆಡಿಸಿ, ಬೇಡ, ಬೇಡ ಎಂದು ತಡೆದ. ಧೂಳಿನಲ್ಲಿ ಬರೆದ ‘ಬಾ’ ಹಾಗೇ ಬಸ್ಸಿನ ಜೊತೆ ಹೋಯಿತು. ತಿರುವಿನಲ್ಲಿ ಮರೆಯಾಗುವವರೆಗೂ ಅವಳು ಅದನ್ನು ಓದುತ್ತಾ ನಿಂತಿದ್ದಳು.