ಅರ್ಧಕ್ಕೆ ನಿಂತ ಕುರ್ಚಿ

ಅಮ್ಮನನ್ನು ಮಹಡಿಯಿಂದ ಇಳಿಸಲು, ಮೆಟ್ಟಿಲ ಪಕ್ಕದ ಕಂಬಿಯ ಮೇಲೆ ಜಾರುವ ಕುರ್ಚಿ ಸಾಕೆಂದು ನಾನು, ಲಿಫ್ಟೇ ಆಗಬೇಕೆಂದು ಅಣ್ಣ, ಹನ್ನೊಂದು ತಿಂಗಳು ಹಗ್ಗಜಗ್ಗಾಟ ನಡೆಸಿದೆವು. "ನೀವು ಆರಿಸೋದ್ರೊಳಗೆ ನಾಲ್ಕು ಜನ ಹೊತ್ತು ಇಳಿಸ್ತಾರೆ ಬಿಡ್ರಪ್ಪ," ಎಂದು ಅಮ್ಮ ನಗುತ್ತಿದ್ದಳು. ಒಂದು ಮಧ್ಯಾಹ್ನ ನಮ್ಮ ಜಗಳ ಕೇಳಿ ಕೇಳಿ ಸಾಕಾಗಿ ತಾನೇ ಇಳಿಯಹೊರಟು, ಅರ್ಧ ದಾರಿಯಲ್ಲಿ ಬಿದ್ದಳು. ಮತ್ತೆ ಏಳಲಿಲ್ಲ.

ವರ್ಷದ ನಂತರ ಅತ್ತಿಗೆಗೆ ಮಂಡಿನೋವು ಬಂತು. ಕುರ್ಚಿಗೆ ಅಣ್ಣ ಒಂದೇ ದಿನದಲ್ಲಿ ಒಪ್ಪಿದ.

ಹಾಕಿಸಿದ ವಾರದಿಂದಲೇ ಮಧ್ಯಾಹ್ನದ ಹೊತ್ತು ಕುರ್ಚಿ ತಾನಾಗಿ ಮೇಲೆ ಹೋಗುತ್ತಿತ್ತು. ಮುದುಕರೊಬ್ಬರು ಹಾಸಿಗೆಯಿಂದ ಎದ್ದು ಬರುವಷ್ಟು ಹೊತ್ತು ಕಾಯುತ್ತಿತ್ತು. ಬೆಲ್ಟು ಟಕ್ಕೆನ್ನುತ್ತಿತ್ತು. ಇಳಿಯುತ್ತಾ ಅರ್ಧಕ್ಕೆ ನಿಲ್ಲುತ್ತಿತ್ತು. ಮುಟ್ಟಿದರೆ ಸೀಟು ಬೆಚ್ಚಗಿರುತ್ತಿತ್ತು.

ಮೆಕ್ಯಾನಿಕ್ ಬಂದ ದಿನವೂ ಹಾಗೆಯೇ ನಿಂತಿತು. ಅವನು ತಂತಿ ಜೋಡಿಸಿ ನೋಡಿದ. "ಮೆಷಿನ್ ಸರಿಯಾಗಿದೆ ಸಾರ್. ಯಾರೋ ಕೂತಿದ್ದಾರೆ ಅಂತ ತೋರಿಸ್ತಿದೆ, ಅಷ್ಟೆ."

"ಅದಕ್ಕೇ ನಾನು ಲಿಫ್ಟ್ ಅಂದಿದ್ದು," ಎಂದ ಅಣ್ಣ.

"ನೀನು ಅಂದಿದ್ದೆ. ಹಾಕಿಸಿದ್ಯಾ?" ಎಂದೆ.

"ನೀನು ಅಡ್ಡಗಾಲು ಹಾಕದೆ ಇದ್ದಿದ್ರೆ ಹಾಕಿಸ್ತಿದ್ದೆ."

ನಾನು ಬಾಯಿ ತೆರೆಯುವಷ್ಟರಲ್ಲಿ ಯಾರೂ ಮುಟ್ಟದ ಬೆಲ್ಟು ಬಿಚ್ಚಿಕೊಂಡಿತು. ಕುರ್ಚಿ ಹಗುರಾಗಿ ಕೆಳಗೆ ಬಂದು ನಮ್ಮ ಮುಂದೆ ನಿಂತಿತು. ಹಿಂದೆಯೇ ಮರದ ಮೆಟ್ಟಿಲುಗಳು ಒಂದೊಂದಾಗಿ, ನಡುನಡುವೆ ಸುಧಾರಿಸಿಕೊಂಡು, ಕಿರುಗುಟ್ಟತೊಡಗಿದವು. ಮೂವರೂ ಕೇಳಿದೆವು. ಸದ್ದು ಕೆಳಗೆ ಬರಲಿಲ್ಲ, ಮೇಲಕ್ಕೆ ಹೋಯಿತು.